ಟಿಕೆಟ್ ಅಕ್ಕನ ಮೆಟ್ಟಿಲು

ಸಾಬೂನು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಅವನನ್ನು ಎಲ್ಲರೂ ಹೂಂ ಅಣ್ಣ ಎಂದೇ ಕರೆಯುತ್ತಿದ್ದರು. ಯಾರು ಏನು ಕೇಳಿದರೂ ಅವನ ಬಾಯಿಂದ ಮೊದಲು ಉದುರುತ್ತಿದ್ದ ಮಾತು ಅದೊಂದೇ. ಪಾಳಿ ಬದಲಾಯಿಸಿಕೊಳ್ತೀಯಾ ಅಂದರೆ ಹೂಂ, ಗಾಡಿ ಸ್ವಲ್ಪ ತಳ್ತೀಯಾ ಅಂದರೆ ಹೂಂ. "ಇವರು ಮೊದಲು ಹೂಂ ಅಂದ್ಬಿಟ್ಟು, ಏನು ಕೇಳಿದ್ರಿ ಅಂತ ಆಮೇಲೆ ಕೇಳ್ತಾರೆ" ಎಂದು ಹೆಂಡತಿ ನೆಂಟರ ಮುಂದೆ ನಗಾಡುತ್ತಿದ್ದಳು.

ಕಾರ್ಖಾನೆಯಲ್ಲಿ ಸಮುದಾಯ ಸೇವೆಯ ಕಾರ್ಯಕ್ರಮವೊಂದಿತ್ತು. ತಿಂಗಳಿಗೊಂದು ಶನಿವಾರ ನೌಕರರು ಹಳದಿ ಟೀ ಶರ್ಟ್ ತೊಟ್ಟು ಊರಿನ ಯಾವುದಾದರೂ ಬಡಾವಣೆಗೆ ಹೋಗಿ ಒಂದು ಒಳ್ಳೆಯ ಕೆಲಸ ಮಾಡಿ ಬರಬೇಕು. ಒಂದು ದಿನ ಆ ಕಾರ್ಯಕ್ರಮ ನೋಡಿಕೊಳ್ಳುವ ಮೇಡಂ ಕ್ಯಾಂಟೀನಿನಲ್ಲಿ ಅವನ ಎದುರು ಬಂದು ಕುಳಿತರು.

"ಅಣ್ಣ, ನಿಮ್ಮ ಬೀದಿಲಿ ಸಹಾಯ ಬೇಕಾದೋರು ಯಾರಾದ್ರೂ ಇದಾರಾ?"

"ಹೂಂ," ಎಂದ. ಆಮೇಲೆ ಯೋಚಿಸಿದ. ಟಿಕೆಟ್ ಅಕ್ಕನ ನೆನಪಾಯಿತು.

ಟಿಕೆಟ್ ಅಕ್ಕ ಅವನ ಎದುರು ಮನೆಯ ಬಾಡಿಗೆದಾರಳು. ಮದುವೆಯಾಗಿರಲಿಲ್ಲ. ಸಿನಿಮಾ ಮಂದಿರ ಮುಚ್ಚುವವರೆಗೂ ಅದರ ಟಿಕೆಟ್ ಕಿಂಡಿಯ ಹಿಂದೆ ಕೂತು ದುಡಿದವಳು. "ಆಯಸ್ಸೆಲ್ಲಾ ಆ ತೂತಿನಿಂದ ಬರೀ ಕೈಗಳನ್ನೇ ನೋಡಿದ್ದು ಕಣೋ ತಮ್ಮಾ. ಈಗಲಾದ್ರೂ ಜನರ ಮುಖ ನೋಡ್ತೀನಿ" ಎನ್ನುತ್ತಿದ್ದಳು. ಮಂಡಿ ಎರಡೂ ಕೈಕೊಟ್ಟಿದ್ದರೂ ದಿನಾ ಬೆಳಿಗ್ಗೆ ಮನೆ ಮುಂದಿನ ಎತ್ತರದ ಮೆಟ್ಟಿಲುಗಳನ್ನು ಕಬ್ಬಿಣದ ಕಂಬಿ ಹಿಡಿದು, ಒಂದೊಂದರ ಮೇಲೂ ಕುಳಿತು ಏಳುತ್ತಾ ಇಳಿಯುತ್ತಿದ್ದಳು. ಮೂಲೆಯ ದಿನಸಿ ಅಂಗಡಿಯ ಬೆಂಚು ಅವಳ ಜಾಗ. ಯಾರ ಮಗು ತಾಯಿಯನ್ನು ಹೋಲುತ್ತದೆ, ಯಾರು ಹೊಸ ಕನ್ನಡಕ ಹಾಕಿಕೊಂಡು ಬಿಗುಮಾನದಿಂದ ನಡೆಯುತ್ತಿದ್ದಾರೆ, ಎಲ್ಲದರ ವರದಿಯೂ ಮಧ್ಯಾಹ್ನದ ಹೊತ್ತಿಗೆ ತಯಾರಾಗಿರುತ್ತಿತ್ತು. ಅಂಗಡಿಯವನು ಅವಳನ್ನು ಬೈಯುತ್ತಲೇ ದಿನಾ ಬೆಂಚು ಒರೆಸಿಡುತ್ತಿದ್ದ.

ಮೇಡಂ ಬಂದು ನೋಡಿದರು. ಮೆಟ್ಟಿಲು ತೆಗೆದು ಇಳಿಜಾರು ದಾರಿ ಮಾಡಿಕೊಡೋಣ, ಒಂದು ಗಾಲಿಕುರ್ಚಿಯನ್ನೂ ಕೊಡಿಸೋಣ ಎಂದರು.

"ಮನೆ ಮಾಲೀಕರಿಗೆ ಒಂದು ಮಾತು ಹೇಳ್ಬೇಕಲ್ವಾಮ್ಮ?" ಟಿಕೆಟ್ ಅಕ್ಕ ಕೇಳಿದಳು.

"ಒಳ್ಳೆ ಕೆಲಸ ಬೇಡ ಅಂತ ಯಾರಂತಾರೆ ಅಜ್ಜಿ?"

ಅಜ್ಜಿ ಅಂದದ್ದು ಅಕ್ಕನಿಗೆ ಹಿಡಿಸಲಿಲ್ಲ. ಆದರೂ ಹೂಂ ಅಣ್ಣನ ಮುಖ ನೋಡಿ ಒಪ್ಪಿಕೊಂಡಳು.

ಶನಿವಾರ ಎರಡು ಬಸ್ಸು ತುಂಬ ಜನ ಬಂದಿಳಿದರು. ನಾಲ್ಕು ಜನರ ಕೆಲಸಕ್ಕೆ ಬೀದಿ ತುಂಬ ಹಳದಿ. ಲೆಕ್ಕಪತ್ರ ವಿಭಾಗದವರು ಸುತ್ತಿಗೆ ಹಿಡಿದು ಸಂಭ್ರಮಿಸಿದರು. ಮಧ್ಯಾಹ್ನದೊಳಗೆ ಮೆಟ್ಟಿಲುಗಳು ಪುಡಿಯಾದವು, ಕಂಬಿ ಕಿತ್ತು ಬಂತು, ಕಲ್ಲುಮಣ್ಣನ್ನೆಲ್ಲ ಲಾರಿ ಹೊತ್ತುಕೊಂಡು ಹೋಯಿತು. ಬಾಗಿಲಿನ ಹೊಸ್ತಿಲು ಎದೆಮಟ್ಟದಲ್ಲಿ ಗಾಳಿಯಲ್ಲಿ ನಿಂತಂತಾಯಿತು. ಅಕ್ಕ ಮೇಲಿನಿಂದಲೇ ಎಲ್ಲರ ಮುಖ ನೋಡಿ ಖುಷಿಪಟ್ಟಳು. "ಈ ತಿಂಗಳು ಇನ್ನೊಂದು ಶನಿವಾರ ಜಾಸ್ತಿ, ಬರೋ ವಾರ ಸಿಮೆಂಟು ಹಾಕಿ ಮುಗಿಸ್ತೀವಿ" ಎಂದು ಮೇಡಂ ಕೈ ಬೀಸಿ ಬಸ್ಸು ಹತ್ತಿದರು.

ಆ ವಾರದ ನಡುವೆ ಬೇರೊಂದು ಊರಿನ ಶಾಖೆಯಲ್ಲಿ, ಶಾಲೆಗೆ ಬಣ್ಣ ಬಳಿಯುತ್ತಿದ್ದ ನೌಕರನೊಬ್ಬ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ. ಮುಂದಿನ ಆದೇಶದವರೆಗೆ ಕಟ್ಟಡದ ಕೆಲಸ ಯಾವುದೂ ಕೂಡದು ಎಂದು ಕೇಂದ್ರ ಕಚೇರಿ ತಡೆ ಹಾಕಿತು.

ಹೂಂ ಅಣ್ಣ ಮೇಡಂ ಕೋಣೆಗೆ ಓಡಿದ. "ಅಕ್ಕ ಮೇಲೇ ಸಿಕ್ಕಾಕೊಂಡಿದಾಳೆ ಮೇಡಂ. ಇಳಿಯೋಕೆ ಏನೂ ಇಲ್ಲ."

"ನನಗೂ ಸಂಕಟ ಆಗ್ತಿದೆ ಅಣ್ಣ. ದಿನಾ ಫೋನ್ ಮಾಡ್ತಿದೀನಿ. ನನ್ನ ಕೈಲಿ ಏನೂ ಇಲ್ಲ." ಅವರ ಕಣ್ಣು ಕೆಂಪಾಗಿತ್ತು. ಸುಳ್ಳಲ್ಲ ಅನ್ನಿಸಿತು. ಸುಳ್ಳಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಮೆಟ್ಟಿಲು ಕಟ್ಟಿಸೋಣವೆಂದು ತಾನೇ ಮೇಸ್ತ್ರಿಯನ್ನು ಕರೆತಂದ. ಅಷ್ಟರಲ್ಲಿ ಸುದ್ದಿ ತಿಳಿದು ಮಾಲೀಕ ಬಂದಿಳಿದ. ನಿಂತ ನಿಲುವಿನಲ್ಲೇ ಕೂಗಾಡಿದ.

"ಯಾರನ್ನ ಕೇಳಿ ಮುಟ್ಟಿದ್ರಿ? ಒಡೆದಿದ್ದು ಕಂಪನಿ ತಾನೇ, ಕಂಪನಿನೇ ಕಟ್ಟಿಕೊಡ್ಲಿ. ಬೇರೆ ಯಾರಾದ್ರೂ ಒಂದು ಕಲ್ಲಿಟ್ರೂ ಪೊಲೀಸರನ್ನ ಕರೀತೀನಿ!"

"ನಾನೇ ಕಟ್ಟಿಸಿಕೊಡ್ತೀನಿ ಸಾರ್. ಮೊದಲಿದ್ದ ಹಾಗೇ."

"ನೀನ್ಯಾರಯ್ಯಾ ಕಟ್ಸೋಕೆ?"

ಕಂಪನಿಗೆ ಅವನು ನೌಕರ, ಮಾಲೀಕನಿಗೆ ಯಾರೋ ದಾರಿಹೋಕ. ಕಂಪನಿ ಕಟ್ಟುವುದಿಲ್ಲ, ಮಾಲೀಕ ಕಟ್ಟಲು ಬಿಡುವುದಿಲ್ಲ. ಮೇಸ್ತ್ರಿ ಸಾಮಾನು ಕಟ್ಟಿಕೊಂಡು ಹೋದ.

ಹಲಗೆಯೊಂದನ್ನು ಓರೆಯಾಗಿ ಇಟ್ಟು ನೋಡಿದರು. ಅಕ್ಕ ಒಂದು ಹೆಜ್ಜೆ ಇಟ್ಟು, ಜಾರಿ, ಬಾಗಿಲ ಚೌಕಟ್ಟನ್ನು ತಬ್ಬಿಕೊಂಡಳು. ಅವಳನ್ನು ಎತ್ತಿಕೊಂಡು ಇಳಿಸುತ್ತೇನೆಂದು ಅವನು ತೋಳು ಚಾಚಿದ. "ಬೇಡ ಕಣೋ. ನಾನು ಮೂಟೆಯಲ್ಲ" ಎಂದಳು. ಅಲ್ಲಿಂದಾಚೆ ಹೂಂ ಅಣ್ಣನ ಹೆಂಡತಿ ಸ್ಟೂಲು ಹತ್ತಿ ಊಟದ ಡಬ್ಬಿ ಕೊಡುತ್ತಿದ್ದಳು. ಅಂಗಡಿಯವನು ಸಾಮಾನಿನ ಚೀಲವನ್ನು ಹೊಸ್ತಿಲ ಮೇಲಿಟ್ಟು ಬೀದಿಯ ಸುದ್ದಿ ಹೇಳಿ ಹೋಗುತ್ತಿದ್ದ. ಮೊದಮೊದಲು ಅಕ್ಕ ತಮಾಷೆ ಮಾಡಿದಳು: "ಬಾಲ್ಕನಿ ಟಿಕೆಟ್ ಸಿಕ್ಕಿದೆ, ಪುಕ್ಕಟೆ!" ಆದರೆ ಆ ಬಾಗಿಲಿನಿಂದ ಕಾಣುತ್ತಿದ್ದುದು ಎದುರು ಮನೆಯ ಗೋಡೆ, ನಡೆದು ಹೋಗುವವರ ನೆತ್ತಿ, ಅಷ್ಟೇ. ಕೆಲವು ವಾರಗಳಲ್ಲಿ ಅವಳು ಬಾಗಿಲಿಗೆ ಬರುವುದನ್ನೂ ಬಿಟ್ಟಳು. ಹೂಂ ಅಣ್ಣ ಕೆಲಸದಿಂದ ಬಂದವನು ಬೀದಿಯಿಂದಲೇ "ಅಕ್ಕಾ" ಎಂದು ಕೂಗಿದರೆ ಒಳಗಿನಿಂದ "ಇದೀನಪ್ಪಾ" ಎಂಬ ಸದ್ದು ಮಾತ್ರ ಬರುತ್ತಿತ್ತು. ಅವನಿಗೆ ಸ್ವಂತ ಮನೆಯ ಬಾಗಿಲು ತೆರೆಯಲೂ ನಾಚಿಕೆ.

"ನೀವೇನು ಬೇಕಂತ ಮಾಡಿದ್ರಾ?" ಹೆಂಡತಿ ಸಮಾಧಾನ ಹೇಳಿದಳು.

"ಬೇಕಂತ ಮಾಡಿದ್ರೆ ಬೇಡ ಅಂತ ನಿಲ್ಲಿಸಬಹುದಿತ್ತು ಕಣೇ. ಇದನ್ನ ಹೇಗೆ ನಿಲ್ಲಿಸ್ಲಿ?"

ಕೊನೆಗೆ ಅಕ್ಕನ ತಮ್ಮನ ಮಗಳು ದೂರದೂರಿನಿಂದ ಬಂದಳು. ಸ್ಟೂಲು ಹತ್ತಿ ಒಳಗೆ ಹೋದವಳು ಅಳುತ್ತಾ ಹೊರಬಂದಳು. "ಅತ್ತೇನ ನಾನು ಕರ್ಕೊಂಡು ಹೋಗ್ತೀನಿ" ಎಂದಳು. ಅಂಗಡಿಯವನು, ಹೂಂ ಅಣ್ಣ, ಇನ್ನಿಬ್ಬರು ಸೇರಿ ಅಕ್ಕನನ್ನು ಕುರ್ಚಿಯ ಸಮೇತ ಇಳಿಸಿದರು. ಈ ಸಲ ಅವಳು ಬೇಡವೆನ್ನಲಿಲ್ಲ. ಕಾರಿನೊಳಗೆ ಕೂತ ಮೇಲೆ ಅವನ ಕೆನ್ನೆ ತಟ್ಟಿ, "ಹಳದಿ ಬಟ್ಟೆ ನಿನಗೆ ಒಪ್ಪಲ್ಲ ಕಣೋ" ಎಂದಳು. ಬೈದಿದ್ದರೆ ಹಗುರವಾಗುತ್ತಿತ್ತು.

ಕಂಪನಿಯ ತಡೆ ತೆರವಾಗುವ ಹೊತ್ತಿಗೆ ಆ ಮನೆಗೆ ಬೀಗ ಬಿದ್ದಿತ್ತು. ಮಾಲೀಕನಿಗೆ ಹೊಸ ಮೆಟ್ಟಿಲು ಕಟ್ಟಿಕೊಟ್ಟರು, ಕಡತ ಮುಚ್ಚಿತು. ಮೇಡಂ ಬೇರೆ ಶಾಖೆಗೆ ವರ್ಗವಾದರು. ಹೊಸದಾಗಿ ಬಂದ ಸಾಹೇಬರು, ಮುಂದಿನ ಶನಿವಾರ ಗಿಡ ನೆಡೋಕೆ ಬರ್ತೀರಾ ಎಂದು ಕೇಳಿದಾಗ ಅವನು ಮಾತಾಡದೆ ನಿಂತ. ಮೌನವನ್ನೇ ಒಪ್ಪಿಗೆಯೆಂದುಕೊಂಡು ಅವರು ಹೆಸರು ಬರೆದುಕೊಂಡರು. ಅವನು ಹೋಗಿ ಗಿಡವನ್ನೂ ನೆಟ್ಟ.

ಭಾನುವಾರಗಳಲ್ಲಿ ಅಕ್ಕನಿಗೆ ಫೋನ್ ಮಾಡುತ್ತಾನೆ. ಅವಳಿರುವುದು ಈಗ ಎತ್ತರದ ಕಟ್ಟಡವೊಂದರ ಏಳನೆಯ ಅಂತಸ್ತಿನಲ್ಲಿ.

"ಇಲ್ಲಿ ಲಿಫ್ಟ್ ಇದೆ ತಮ್ಮಾ. ಗುಂಡಿ ಒತ್ತಿದ್ರೆ ಸೊಯ್ಯನೆ ಕೆಳಗೆ."

"ಇಳಿದು ಹೋಗಿ ಕೂತ್ಕೋತೀಯಾ ಅಕ್ಕ?"

"ಕೆಳಗೆ ಕಾರು ನಿಲ್ಸೋ ಜಾಗ. ಯಾರನ್ನ ನೋಡೋದು?" ಆಮೇಲೆ ಅವಳೇ ಕೇಳಿದಳು, "ನಮ್ಮ ಬೀದಿ ಹೇಗಿದೆ?"

ಅವಳಂತೆ ಬೀದಿಯನ್ನು ನೋಡಿ ಅವನಿಗೆ ಅಭ್ಯಾಸವಿರಲಿಲ್ಲ. "ಎಲ್ಲಾ ಹಾಗೇ ಇದೆ ಅಕ್ಕ" ಎಂದು ಫೋನ್ ಇಟ್ಟ.

"ಏನಂದ್ರು?" ಹೆಂಡತಿ ಒಳಗಿನಿಂದ ಕೇಳಿದಳು.

"ಊಟ ಆಯ್ತಂತೆ," ಎಂದ.