ಮಂಜಪ್ಪ ಕೇಳಿದ ಐದು ನಿಮಿಷ

ಇದು ನಡೆದದ್ದು ಮೂರು ವರ್ಷಗಳ ಹಿಂದೆ, ದೀಪಾವಳಿ ಕಳೆದ ಮರುವಾರದ ಸೋಮವಾರ. ನಾನು ಖಾಸಗಿ ಬಸ್ಸಿನ ಡ್ರೈವರ್. ಬೆಳಿಗ್ಗೆ ಆರು ನಲವತ್ತಕ್ಕೆ ಸಾಗರ ಬಿಟ್ಟು, ಬಟ್ಟೆಮಲ್ಲಪ್ಪ ಅನ್ನುವ ಊರು, ಹೊಸನಗರ ದಾಟಿ ತೀರ್ಥಹಳ್ಳಿಗೆ ಹೋಗಿ, ಮಧ್ಯಾಹ್ನ ಅದೇ ದಾರಿಯಲ್ಲಿ ವಾಪಸು ಬರುವುದು ನನ್ನ ಕೆಲಸ. ಬರೆದು ಅಭ್ಯಾಸವಿಲ್ಲ. ಆದರೂ ಇದನ್ನು ಯಾರಿಗಾದರೂ ಹೇಳಬೇಕು ಅಂತ ಬಹಳ ದಿನದಿಂದ ಅನಿಸುತ್ತಿತ್ತು.

ನನ್ನ ಜೊತೆ ಎಂಟು ವರ್ಷ ಕಂಡಕ್ಟರ್ ಆಗಿದ್ದವನು ಮಂಜಪ್ಪ. ಅವನ ಮನೆ ಬಟ್ಟೆಮಲ್ಲಪ್ಪದಿಂದ ಮುಂದಿನ ಒಂದು ಹಳ್ಳಿಯಲ್ಲಿ. ವಾರವೆಲ್ಲ ಸಾಗರದಲ್ಲಿ ಬಸ್ಸಿನಲ್ಲೇ ಮಲಗುತ್ತಿದ್ದ, ವಾರಕ್ಕೊಮ್ಮೆ ಮನೆಗೆ ಹೋಗುತ್ತಿದ್ದ. ಅವನಿಗೆ ಸಕ್ಕರೆ ಕಾಯಿಲೆ ಇತ್ತು. ಕಾಲಿನ ಗಾಯವೊಂದು ಮೂರು ತಿಂಗಳಾದರೂ ಮಾಯದೆ ಇದ್ದಾಗ ಡಾಕ್ಟರು ಗದರಿಸಿ ಇನ್ಸುಲಿನ್ ಶುರು ಮಾಡಿದ್ದರು. ಆಮೇಲೆ ಮಂಜಪ್ಪ ಪೂರ್ತಿ ಬದಲಾದ. ಬೆಳಿಗ್ಗೆ ಆರೂಕಾಲು ಗಂಟೆಗೆ ಸೂಜಿ, ಆರೂವರೆಗೆ ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಇಡ್ಲಿ. ತೀರ್ಥಹಳ್ಳಿಯಲ್ಲಿ ಬಸ್ಸು ನಿಂತಿದ್ದಾಗ ನಾವೆಲ್ಲ ಹರಟೆ ಹೊಡೆಯುತ್ತಿದ್ದರೆ ಅವನು ಹೊಳೆಯ ಕಡೆಗೆ ನಡೆದು ಬರುತ್ತಿದ್ದ. ಒಂದು ದಿನವೂ ತಪ್ಪಿಸುತ್ತಿರಲಿಲ್ಲ.

ನಾನು ಅದಕ್ಕೆ ತದ್ವಿರುದ್ಧ. ಸಿಕ್ಕಾಗ ಬೋಂಡ, ಮೂರು ಗಂಟೆಗೆ ಊಟ, ರಾತ್ರಿ ಕಣ್ಣು ಉರಿಯುವವರೆಗೆ ಮೊಬೈಲು. ಮಂಜಪ್ಪನನ್ನು ನೋಡಿ ನಗುತ್ತಿದ್ದೆ. "ಎಂತ ಮಾರಾಯ, ಸಾಹೇಬ್ರ ಹಂಗೆ ಟೈಮ್ ಟೇಬಲ್ ಹಾಕ್ಕಂಡಿದೀಯ" ಅಂತ ಎಲ್ಲರೆದುರು ಹೇಳುತ್ತಿದ್ದೆ. ಅವನು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. "ನೀನೂ ಮಾಡು ನಾಗಣ್ಣ. ಖರ್ಚೇನಿಲ್ಲ" ಅನ್ನುತ್ತಿದ್ದ.

ಆ ಸೋಮವಾರ ಅಲಾರಂ ಹೊಡೆದಾಗ ಎರಡು ಸಲ ಆಫ್ ಮಾಡಿ ಮಲಗಿದೆ. ಮನೆ ಬಾಗಿಲು ಬಡಿದ ಸದ್ದಿಗೆ ಎದ್ದರೆ ಮಂಜಪ್ಪ ನಿಂತಿದ್ದ. ಸೂಜಿ ಚುಚ್ಚಿಕೊಂಡು ಹೋಟೆಲಿಗೆ ಹೊರಟವನು, ನಾನು ಇನ್ನೂ ಬಂದಿಲ್ಲವೆಂದು ನೋಡಿ ತಿಂಡಿ ಬಿಟ್ಟು ನನ್ನನ್ನು ಎಬ್ಬಿಸಲು ಓಡಿ ಬಂದಿದ್ದ. ಮುಖ ತೊಳೆದು ಹಾಗೇ ಹೊರಟೆ. ಸ್ಟ್ಯಾಂಡಿಗೆ ಬರುವಾಗ ಆರು ಐವತ್ತು ದಾಟಿತ್ತು. ಖಾಸಗಿ ಬಸ್ಸಿನವರಿಗೆ ಟೈಮಿಂಗ್ ಅಂದರೆ ಪ್ರಾಣ. ತಡವಾದರೆ ದಾರಿಯ ಜನರನ್ನೆಲ್ಲ ಹಿಂದಿನ ಬಸ್ಸು ಹತ್ತಿಸಿಕೊಳ್ಳುತ್ತದೆ. ನಮ್ಮ ಹಿಂದೆ ಹೊರಡಬೇಕಾದ ಆ ಬಸ್ಸು ಆಗಲೇ ಬಂದು ಹಾರ್ನ್ ಹೊಡೆಯುತ್ತಿತ್ತು.

"ನಾಗಣ್ಣ, ಐದು ನಿಮಿಷ. ಎರಡು ಇಡ್ಲಿ ತಿಂದು ಬಂದ್ಬಿಡ್ತೀನಿ" ಅಂದ.

"ಬಟ್ಟೆಮಲ್ಲಪ್ಪದಲ್ಲಿ ತಿನ್ನು. ಈಗ ಹತ್ತು ಬೇಗ" ಅಂದು ಗೇರ್ ಹಾಕಿದೆ.

ಬಟ್ಟೆಮಲ್ಲಪ್ಪದಲ್ಲಿ ಜನ ಹತ್ತಿದರು. ಕನ್ನಡಿಯಲ್ಲಿ ಹಿಂದಿನ ಬಸ್ಸು ಕಾಣಿಸಿತು. ಮಂಜಪ್ಪ ಕೆಳಗಿಳಿದು ಹೋಟೆಲಿನ ಕಡೆ ಎರಡು ಹೆಜ್ಜೆ ಇಟ್ಟಿದ್ದ. ನಾನು ಹಾರ್ನ್ ಹೊಡೆದೆ. ಅವನು ತಿರುಗಿ ನನ್ನನ್ನು ನೋಡಿ, ಬಂದು ಹತ್ತಿದ.

ಆಮೇಲೆ ಸ್ವಲ್ಪ ದೂರ ಹೋಗುವುದರೊಳಗೆ ಬಸ್ಸಿನಲ್ಲಿ ಗಲಾಟೆ ಶುರುವಾಯಿತು. ಇಳಿಯುವವರು ಕೂಗಿದರೂ ಮಂಜಪ್ಪ ಸೀಟಿ ಊದಲಿಲ್ಲ. ಟಿಕೆಟ್ ತಗೊಂಡವರನ್ನೇ ಮತ್ತೆ ದುಡ್ಡು ಕೇಳಿದ. ಒಬ್ಬರು ಆಕ್ಷೇಪಿಸಿದ್ದಕ್ಕೆ, ಎಂದೂ ದನಿ ಏರಿಸದವನು ಕೆಟ್ಟ ಮಾತು ಆಡಿದ. ನಾಲಿಗೆ ತೊದಲುತ್ತಿತ್ತು. ಕಂಬ ಹಿಡಿದು ತೂರಾಡುತ್ತಿದ್ದ. ಶರ್ಟು ಬೆವರಿನಲ್ಲಿ ಒದ್ದೆಯಾಗಿತ್ತು.

ಯಾರೋ "ಕಂಡಕ್ಟರ್‌ಗೆ ಬೆಳಿಗ್ಗೆನೇ ಏರಿದೆ" ಅಂದರು. ಜನ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಹಿಂದಿನ ದಿನ ಮನೆಗೆ ಹೋಗಿದ್ದನಲ್ಲ, ಹಬ್ಬದ ನೆಪದಲ್ಲಿ ಎಲ್ಲೋ ಕುಡಿದಿದ್ದಾನೆ ಅಂದುಕೊಂಡೆ. ಅವನ ಊರಿನ ಕ್ರಾಸ್ ಬಂದಾಗ ಬಸ್ಸು ನಿಲ್ಲಿಸಿ, ಅಷ್ಟೂ ಜನರ ಎದುರು ಕೇಳಿದೆ: "ಬೆಳ್‌ಬೆಳಿಗ್ಗೆ ಕುಡ್ಕಂಡು ಬಂದಿದೀಯ? ನಾಚಿಕೆ ಆಗಲ್ವಾ ನಿಂಗೆ?"

ಅವನು ನನ್ನನ್ನೇ ನೋಡಿದ. ಏನೋ ಹೇಳಲು ಬಾಯಿ ತೆರೆದ.

"ಇಳಿ. ಮನೆಗೆ ಹೋಗಿ ಮಲ್ಗು" ಅಂದೆ.

ಮುಂದಿನ ಸೀಟಿನಲ್ಲಿ ಶಾರದಮ್ಮ ಕೂತಿದ್ದರು. ಹೊಸನಗರದ ಹತ್ತಿರ ಅಂಗನವಾಡಿ ಟೀಚರ್, ದಿನವೂ ನಮ್ಮ ಬಸ್ಸಿನಲ್ಲೇ ಬರುವವರು. "ನಾಗಣ್ಣ, ವಾಸನೆ ಏನೂ ಬರ್ತಿಲ್ಲ ಕಣ್ರೀ. ಅವರಿಗೆ ಹುಷಾರಿಲ್ದಂಗೆ ಕಾಣ್ತದೆ" ಅಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಂಜಪ್ಪ ಇಳಿದು ತಂಗುದಾಣದ ಕಲ್ಲುಬೆಂಚಿನ ಮೇಲೆ ಕೂತಿದ್ದು ಕನ್ನಡಿಯಲ್ಲಿ ಕಂಡಿತು. ಮನೆ ಅಲ್ಲಿಂದ ಒಂದು ಕಿಲೋಮೀಟರು. ನಡೆದು ಹೋಗುತ್ತಾನೆ ಅಂತ ಹೊರಟುಬಿಟ್ಟೆ.

ಹೊಸನಗರಕ್ಕೆ ಹಿಂದಿನ ಬಸ್ಸಿಗಿಂತ ಆರು ನಿಮಿಷ ಮುಂಚೆ ತಲುಪಿದೆ. ಸ್ಟ್ಯಾಂಡಿನಲ್ಲಿ ಕೂತು ಟೀ ಕುಡಿದೆ. ಅಲ್ಲಿನ ನಮ್ಮ ಬಸ್ ಏಜೆಂಟರು ಬೇರೆ ಕಂಡಕ್ಟರನ್ನು ಕಳಿಸಿದರು. ತೀರ್ಥಹಳ್ಳಿಗೆ ಹೋಗಿ ವಾಪಸು ಬರುವಾಗ, ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ, ಅದೇ ಕ್ರಾಸಿನಲ್ಲಿ ಮಂಜಪ್ಪ ಬೆಂಚಿನ ಕೆಳಗೆ ಬಿದ್ದಿದ್ದ. ಬಾಯಿಂದ ನೊರೆ ಬಂದು ಒಣಗಿತ್ತು. ಸ್ವಲ್ಪ ದೂರದಲ್ಲಿ ಇಬ್ಬರು ಬಸ್ಸಿಗೆ ಕಾಯುತ್ತಿದ್ದರು. "ಬೆಳಿಗ್ಗಿಂದ ಹಂಗೇ ಬಿದ್ದಿದಾನಂತೆ. ಜಾಸ್ತಿ ಆಗಿರ್ಬೇಕು" ಅಂದ ಅವರಲ್ಲೊಬ್ಬ. ಬೆಳಿಗ್ಗೆ ನಮ್ಮ ಬಸ್ಸಿನಿಂದ ಅಲ್ಲಿ ಇಳಿದವರು ನಾನು ಹೇಳಿದ್ದನ್ನೇ ಊರಿಗೆ ಹೇಳಿದ್ದರು. ಅದಕ್ಕೇ ಯಾರೂ ಹತ್ತಿರ ಹೋಗಿರಲಿಲ್ಲ.

ಬಸ್ಸನ್ನೇ ಆಸ್ಪತ್ರೆಗೆ ತಿರುಗಿಸಿದೆ. ಪ್ರಯಾಣಿಕರು ಒಬ್ಬರೂ ಬೇಡ ಅನ್ನಲಿಲ್ಲ. ಅಲ್ಲಿ ರಕ್ತ ಪರೀಕ್ಷೆ ಮಾಡಿದ ಡಾಕ್ಟರು ಕೇಳಿದರು: "ಇನ್ಸುಲಿನ್ ತಗೊಂಡು ಊಟ ಬಿಟ್ಟಿದ್ರಾ? ಸಕ್ಕರೆ ಪೂರ್ತಿ ಇಳಿದುಹೋಗಿದೆ."

ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಕಡಿಮೆಯಾದರೆ ಒಳ್ಳೆಯದೇ ಅಂತ ನಾನು ತಿಳಿದಿದ್ದೆ. ಸೂಜಿ ಚುಚ್ಚಿಕೊಂಡ ಮೇಲೆ ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಮಿದುಳು ಮಂಕಾಗುತ್ತದೆ, ಕುಡಿದವರ ಹಾಗೆ ಆಡುತ್ತಾರೆ ಅಂತ ಡಾಕ್ಟರು ವಿವರಿಸಿದರು. "ಆ ಹೊತ್ತಲ್ಲಿ ಒಂದು ಲೋಟ ಸಕ್ಕರೆ ನೀರು ಕುಡಿಸಿದ್ರೂ ಸಾಕಿತ್ತು" ಅಂದರು. ಮಂಜಪ್ಪನನ್ನು ಅಂದೇ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಹನ್ನೊಂದು ದಿನ ಇದ್ದ. ಕಣ್ಣು ಬಿಡದೇ ಹೋಗಿಬಿಟ್ಟ.

ಕಾರ್ಯವೆಲ್ಲ ಮುಗಿದ ಎರಡು ದಿನಕ್ಕೆ ಒಬ್ಬನೇ ಅವನ ಮನೆಗೆ ಹೋದೆ. ಹೆಂಡತಿ ಸರೋಜ ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನನ್ನನ್ನು ನೋಡಿ ಕೈ ಒರೆಸಿಕೊಂಡು ಜಗಲಿಗೆ ಚಾಪೆ ಹಾಕಿದಳು. ನಾನು ಕೂತ ಮೇಲೆ ಅವಳೇ ಕೇಳಿದಳು.

"ನಾಗಣ್ಣ, ಒಂದು ಮಾತು. ನೀವು ಜೊತೇಲಿ ಇದ್ದೋರು, ನಿಮ್ಗೆ ಗೊತ್ತಿರ್ತದೆ. ಅವ್ರು ಅವತ್ತು ಕುಡಿದಿದ್ರು ಅಂತ ಊರಲ್ಲೆಲ್ಲ ಹೇಳ್ತಾರೆ. ಮಗಳಿಗೆ ಶಾಲೇಲೂ ಹಂಗೇ ಅಂದ್ರಂತೆ. ಯಾರು ಹುಟ್ಟಿಸಿದ್ದು ಈ ಮಾತು?"

ಬೇರೆ ಯಾರದೋ ಹೆಸರು ಹೇಳಿಬಿಡಬಹುದಿತ್ತು. ಗೊತ್ತಿಲ್ಲ ಅನ್ನಬಹುದಿತ್ತು. ನಾನು ತಲೆ ಎತ್ತದೆ ಹೇಳಿದೆ: "ನಾನೇ ಸರೋಜ. ಮೊದ್ಲು ಬೈದು ಇಳಿಸಿದ್ದು ನಾನೇ. ಅವನು ಕುಡಿದಿರ್ಲಿಲ್ಲ. ತಿಂಡಿಗೆ ಐದು ನಿಮಿಷ ಕೇಳಿದ್ದ. ನಾನು ಕೊಡ್ಲಿಲ್ಲ."

ಅವಳು ಎದ್ದು ಒಳಗೆ ಹೋದಳು. ಇನ್ನು ಹೊರಗೆ ಬರುವುದಿಲ್ಲ ಅಂದುಕೊಂಡು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಆಗ ಬಾಗಿಲ ಹತ್ತಿರ ಬಂದು, "ಈ ಮಾತನ್ನ ಕ್ರಾಸಲ್ಲಿ ನಿಂತು ಹೇಳ್ತೀರಾ? ಜನ ಇದ್ದಾಗ?" ಅಂದಳು.

ಮರುದಿನ ಬೆಳಿಗ್ಗೆ ಕ್ರಾಸಿನಲ್ಲಿ ಬಸ್ಸು ನಿಲ್ಲಿಸಿ, ಎಂಜಿನ್ ಆರಿಸಿ, ಕೆಳಗಿಳಿದು ಹೇಳಿದೆ. ಬಸ್ಸಿನವರೂ ಕೇಳಲಿ ಅಂತ ಜೋರಾಗಿಯೇ ಹೇಳಿದೆ. ಮಧ್ಯದಲ್ಲಿ ಶಾರದಮ್ಮ ಕಿಟಕಿಯಿಂದ ನೀರಿನ ಬಾಟಲಿ ಕೊಟ್ಟರು. ಹಿಂದಿನ ಬಸ್ಸು ನಮ್ಮನ್ನು ದಾಟಿ ಮುಂದೆ ಹೋಯಿತು. ಹೋಗಲಿ ಅಂದುಕೊಂಡೆ. ಅಷ್ಟು ಸುಲಭವಾಗಿ ಅಂದುಕೊಳ್ಳಲು ಆಗುತ್ತದೆ ಅಂತ ನನಗೆ ಅಂದೇ ಗೊತ್ತಾಗಿದ್ದು.

ಈಗ ರಾತ್ರಿ ಒಂಬತ್ತೂವರೆಗೆ ಮಲಗುತ್ತೇನೆ. ಐದಕ್ಕೆ ಏಳುತ್ತೇನೆ. ನನ್ನ ಜೊತೆಯ ಕಂಡಕ್ಟರ್ ತಿಂಡಿ ತಿಂದು ಕೈ ತೊಳೆಯುವವರೆಗೆ ಬಸ್ಸು ಹೊರಡುವುದಿಲ್ಲ. ನನ್ನ ಬಿಪಿ ಇಳಿದಿದೆ, ಹೊಟ್ಟೆ ಉರಿ ನಿಂತಿದೆ. "ಒಳ್ಳೆ ಶಿಸ್ತು ಬಂತು ನಾಗಣ್ಣಂಗೆ" ಅಂತ ಸ್ಟ್ಯಾಂಡಿನವರು ಹೊಗಳುತ್ತಾರೆ. ಹಾಗೆ ಹೊಗಳಿದಾಗ ಅಲ್ಲಿ ನಿಲ್ಲಲು ಆಗುವುದಿಲ್ಲ. ಮನೆಯಲ್ಲಿ ಹೆಂಡತಿ ಮಕ್ಕಳ ಜೊತೆ ಹೊತ್ತಿಗೆ ಸರಿಯಾಗಿ ಊಟಕ್ಕೆ ಕೂತಾಗಲೂ ಮೊದಲ ತುತ್ತಿಗೆ ಕೈ ಹಾಕುವಾಗ ಮಂಜಪ್ಪ ಕೇಳಿದ ಐದು ನಿಮಿಷ ನೆನಪಾಗುತ್ತದೆ.