ನಾನು ಆರಿಸಿಕೊಟ್ಟ ಕೋವಿ

ಆ ಚೀಟಿಯನ್ನು ಹರಿದು ಹಾಕಿದವನು ನಾನೇ, ಪೂವಯ್ಯಣ್ಣ. ನಿಮ್ಮ ಕೆಲಸ ಹೋದದ್ದು ನಿಮ್ಮ ತಪ್ಪಿನಿಂದಲ್ಲ, ನನ್ನ ಸುಳ್ಳಿನಿಂದ. ಇಷ್ಟನ್ನು ಹೇಳಬೇಕೆಂದು 2014ರಿಂದ ಎಷ್ಟೋ ಸಲ ಹೊರಟಿದ್ದೇನೆ — ಪ್ರತಿ ಸಲವೂ ಬೇರೆ ಏನೋ ಮಾತಾಡಿ ವಾಪಸು ಬಂದಿದ್ದೇನೆ. ಈಗ ದಣಿದಿದ್ದೇನೆ. ದಣಿದವನು ಸತ್ಯ ಹೇಳುವುದು ದೊಡ್ಡತನವೇನಲ್ಲ, ಅದೂ ಗೊತ್ತಿದೆ.

ದುಬೈಯ ಆ ಬೇಟೆ ಸಾಮಾನಿನ ಅಂಗಡಿಯಲ್ಲಿ ಕೋವಿಯನ್ನು ನಿಜವಾಗಿ ಬಲ್ಲವರು ನೀವೊಬ್ಬರೇ. ಸೈನ್ಯದಲ್ಲಿ ಆಯುಧ ರಿಪೇರಿ ಮಾಡಿ ನಿವೃತ್ತರಾಗಿ ಬಂದ ಕೊಡಗಿನವರು ನೀವು. ನಾನು ಕಾರ್ಕಳದ ಬಿ.ಕಾಂ, ಬೂಟು, ಟೆಂಟು, ದುರ್ಬೀನು ಮಾರುತ್ತಿದ್ದೆ. ಗಿರಾಕಿಗಳು ನನ್ನ ಮುಖ ಕಂಡ ಕೂಡಲೇ ಕೇಳುತ್ತಿದ್ದದ್ದು ಒಂದೇ — “ಬುಡ್ಢಾ ಕಿಧರ್ ಹೈ?” ಮುದುಕ ಎಲ್ಲಿ ಅಂತ. ನನಗೆ ಕೋವಿಯ ಬೋಲ್ಟ್ ಬಿಚ್ಚುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದವರು ನೀವು. ಆದರೂ ಆ ಪ್ರಶ್ನೆ ಕೇಳಿದಾಗಲೆಲ್ಲ ಒಳಗೆಲ್ಲೋ ಚುಚ್ಚುತ್ತಿತ್ತು.

ಆ ವರ್ಷ ಒಬ್ಬ ಅರಬ್ ಗಿರಾಕಿ ತಾಂಜಾನಿಯಾಕ್ಕೆ ಕಾಡುಕೋಣದ ಬೇಟೆಗೆ ಹೊರಟಿದ್ದರು. ಸಣಕಲು ಮನುಷ್ಯ, ಐವತ್ತು ದಾಟಿದವರು, ಮೃದು ಮಾತು. ನೀವು ಅವರನ್ನು ಎರಡು ಸಲ ಗುಂಡು ಹೊಡೆಯುವ ಅಭ್ಯಾಸದ ರೇಂಜಿಗೆ ಕರೆದುಕೊಂಡು ಹೋದಿರಿ. ಬಂದು ನನಗೆ ಹೇಳಿದಿರಿ — “ಸದಾನಂದ, ಟ್ರಿಗರ್ ಎಳೆಯೋ ಮೊದಲೇ ಕಣ್ಣು ಮುಚ್ತಾರೆ ಮಾರಾಯ. ಕೋವಿಯ ಒದೆತಕ್ಕೆ ಹೆದರ್ತಾರೆ. ಇವರಿಗೆ ತ್ರೀ ಸೆವೆಂಟಿಫೈವ್ ಕೋವಿ ಸಾಕು, ಅದಕ್ಕಿಂತ ದೊಡ್ಡದು ಇನ್ನೂ ಜೋರು ಒದೆಯುತ್ತೆ, ಕೊಡಬಾರ್ದು. ಕೋಣ ಬೀಳೋದು ಗುಂಡಿನ ಗಾತ್ರಕ್ಕಲ್ಲ, ಗುಂಡು ಬಿದ್ದ ಜಾಗಕ್ಕೆ.” ಅದನ್ನೇ ಒಂದು ಚೀಟಿಯಲ್ಲಿ ಬರೆದು ಅವರ ಫೈಲಿಗೆ ಪಿನ್ ಮಾಡಿದಿರಿ: ಯಾವ ಕೋವಿ, ಎಷ್ಟು ತೂಕದ ಗುಂಡು, ಹೋಗುವ ಮೊದಲು ಇನ್ನೆಷ್ಟು ಅಭ್ಯಾಸ. ಕೆಳಗೆ ನಿಮ್ಮ ಸಹಿ.

ಅವರು ಕೋವಿ ಒಯ್ಯಲು ಬಂದ ದಿನ ನೀವು ಅಬುಧಾಬಿಗೆ, ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಒಬ್ಬರ ವಿಲ್ಲಾಕ್ಕೆ, ಅವರ ಕೋವಿಯ ಮೇಲಿನ ದೂರದರ್ಶಕ ಸರಿಮಾಡಲು ಹೋಗಿದ್ದಿರಿ. ಅವರು ನಿಮ್ಮನ್ನು ಕೇಳಲಿಲ್ಲ. ನನ್ನನ್ನೇ ಕೇಳಿದರು — “ನನ್ನ ಭಾವನ ಹತ್ತಿರ ಇದಕ್ಕಿಂತ ದೊಡ್ಡದು, ಫೋರ್ ಫಿಫ್ಟಿಎಯ್ಟ್ ಇದೆ. ಇದು ಸಣ್ಣದಾಯಿತೇ? ನೀನು ಏನು ಹೇಳುತ್ತಿ?”

ನೀನು ಏನು ಹೇಳುತ್ತಿ! ಅಷ್ಟು ವರ್ಷದಲ್ಲಿ ಕೋವಿಯ ಬಗ್ಗೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಚೀಟಿ ಫೈಲಿನಲ್ಲಿ ನನ್ನ ಕಣ್ಣ ಮುಂದೆಯೇ ಇತ್ತು. ನಾನು ಓದಿದ್ದೆ, ಅರ್ಥವೂ ಆಗಿತ್ತು — ಆದರೂ ದೊಡ್ಡ ಪಂಡಿತನ ಹಾಗೆ ಹೇಳಿದೆ, “ಕೋಣಕ್ಕಾದರೆ ದೊಡ್ಡದೇ ಒಳ್ಳೆಯದು, ಸರ್.” ಅವರ ಮುಖ ಅರಳಿತು. ಕಪಾಟಿನಿಂದ ಫೋರ್ ಫಿಫ್ಟಿಎಯ್ಟ್ ತೆಗೆದು ಕೊಟ್ಟೆ, ಪರ್ಮಿಟ್‌ನ ಕಾಗದ ಅದಕ್ಕೆ ತಕ್ಕಂತೆ ಬದಲಾಯಿಸಿದೆ. ಮರುದಿನ ನಿಮಗೆ “ಅವರು ಒಯ್ದರು” ಎಂದಷ್ಟೇ ಹೇಳಿದೆ.

ಮೂರು ವಾರ ಬಿಟ್ಟು ನಮ್ಮ ಅಂಗಡಿಯ ಯಜಮಾನರಿಗೆ ಆ ಗಿರಾಕಿಯ ಫೋನ್ ಬಂತು. ಗುಂಡು ಭುಜದ ಹಿಂದೆ ಬೀಳಬೇಕಾದದ್ದು ಹೊಟ್ಟೆಗೆ ಬಿದ್ದಿತ್ತು. ಗಾಯದ ಕೋಣ ಪೊದೆಗೆ ನುಗ್ಗಿತು. ಜಾಡು ಹಿಡಿದು ಮುಂದೆ ನಡೆದ ಅಲ್ಲಿಯ ಮನುಷ್ಯನ ಮೇಲೆ ತಿರುಗಿ ಬಿತ್ತು. ಅವನು ಬದುಕಿದ, ಒಂದು ಕಾಲು ಉಳಿಯಲಿಲ್ಲ. ಅವನ ಹೆಸರೇನು ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಕೊನೆಗೆ “ನಿಮ್ಮ ಇಂಡಿಯನ್ ಕೊಟ್ಟ ಕೋವಿ” ಎಂದು, ಯಾವ ಇಂಡಿಯನ್ ಎನ್ನದೆ, ಗಿರಾಕಿ ಫೋನ್ ಇಟ್ಟಿದ್ದರಂತೆ. ಮತ್ತೆ ಅವರನ್ನು ಮಾತಾಡಿಸುವ ಮುಖ ಯಜಮಾನರಿಗೂ ಇರಲಿಲ್ಲ. ಯಜಮಾನರು ನಮ್ಮಿಬ್ಬರನ್ನು ಕರೆಯುವ ಮೊದಲೇ ನಾನು ಫೈಲಿನಿಂದ ಚೀಟಿ ಕಿತ್ತು ಪಾಯಿಖಾನೆಯಲ್ಲಿ ಹರಿದು ನೀರು ಬಿಟ್ಟೆ. ಹೆಂಡತಿ, ಮಗು ಅಲ್ ಕುಸೈಸ್‌ನ ಫ್ಲಾಟಿಗೆ ಬಂದು ಎರಡೇ ತಿಂಗಳಾಗಿತ್ತು — ಆದರೆ ಅವರ ಹೆಸರನ್ನು ಇದಕ್ಕೆ ಎಳೆಯಲಾರೆ. ನಿಮಗೂ ಹೆಂಡತಿ, ಮಗಳು ಇದ್ದರು.

“ಸಚ್ ಬೋಲೋ, ಕೌನ್ ದಿಯಾ ಯೇ ಬಂದೂಕ್?” ಎಂದರು ಯಜಮಾನರು. ನಿಜ ಹೇಳಿ, ಈ ಕೋವಿ ಕೊಟ್ಟವರು ಯಾರು ಅಂತ.

ನೀವು ನೆಮ್ಮದಿಯಿಂದಲೇ ಹೇಳಿದಿರಿ, “ನಾನು ತ್ರೀ ಸೆವೆಂಟಿಫೈವ್ ಬರೆದಿದ್ದೆ, ಫೈಲ್ ನೋಡಿ” ಎಂದು. ಫೈಲ್ ತೆರೆದರು. ನೀವು ಕಾಗದಗಳನ್ನು ಎರಡು ಸಲ ತಿರುವಿದಿರಿ. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದಿರಿ —

“ಸದಾನಂದ, ಆ ಚೀಟಿ ನೀನು ಕಂಡಿದ್ದೆ ಅಲ್ವಾ?”

“ಇಲ್ಲ, ಪೂವಯ್ಯಣ್ಣ.”

ಅಷ್ಟೇ. ಎರಡು ಮಾತು. ಕೋವಿ ಕೈಗೆ ಕೊಟ್ಟವನು ನಾನಾದರೂ ಯಾವುದೆಂದು ಆರಿಸುವುದು ನಿಮ್ಮ ಕೆಲಸ; ಚೀಟಿಯೇ ಇಲ್ಲವೆಂದ ಮೇಲೆ ತಪ್ಪು ನಿಮ್ಮದಾಯಿತು. “ಖಲಾಸ್” ಎಂದರು ಯಜಮಾನರು.

ನಿಮ್ಮ ವೀಸಾ ರದ್ದಾಯಿತು. ಹನ್ನೆರಡನೇ ಕ್ಲಾಸಿನಲ್ಲಿದ್ದ ನಿಮ್ಮ ಮಗಳು ವರ್ಷದ ನಡುವೆ ಶಾಲೆ ಬಿಟ್ಟು ತಾಯಿಯೊಂದಿಗೆ ಮೈಸೂರಿಗೆ ಹೋದಳು. ಆ ವರ್ಷದ ಪರೀಕ್ಷೆಗೆ ಕೂರಲಾಗಲಿಲ್ಲ. ನೀವು ಬೇರೆ ವೀಸಾ ಮಾಡಿಸಿಕೊಂಡು ದುಬೈಯಲ್ಲೇ ಒಂದು ಟೈರ್ ಗೋದಾಮಿನಲ್ಲಿ ಸೇರಿದಿರಿ. ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಆರು ಜನರ ಕೋಣೆಯಲ್ಲಿ ಒಂದು ಮಂಚ. ಒಮ್ಮೆ ಬಸ್ ಸ್ಟಾಪಿನಲ್ಲಿ ಸಿಕ್ಕಿದಿರಿ. ಬೆರಳ ಸಂದಿಯಲ್ಲಿ ರಬ್ಬರಿನ ಕರಿ. “ಕೌಂಟರ್ ಚೆನ್ನಾಗಿ ನಡೆಸ್ತಿದ್ದೀಯಂತೆ, ಸಂತೋಷ” ಎಂದಿರಿ. ನಿಮ್ಮ ಮಾತಿನಲ್ಲಿ ವ್ಯಂಗ್ಯ ಹುಡುಕಿದೆ. ಇರಲಿಲ್ಲ — ಇದ್ದಿದ್ದರೆ ನನಗೆ ಅಷ್ಟಾದರೂ ಹಗುರಾಗುತ್ತಿತ್ತು.

ಹೌದು, ನಿಮ್ಮ ಕೋವಿಯ ಕೌಂಟರ್ ನನಗೇ ಬಂದಿತ್ತು. ದೊಡ್ಡ ಕೋವಿ ಬೇಕೆಂದು ಬಂದವರಿಗೆ ನಾನು ನಿಮ್ಮದೇ ಮಾತು ಹೇಳುತ್ತಿದ್ದೆ, ಗಾತ್ರ ಅಲ್ಲ, ಬಿದ್ದ ಜಾಗ ಮುಖ್ಯ ಎಂದು. ಅವರು ಮೆಚ್ಚಿ ತಲೆದೂಗುತ್ತಿದ್ದರು. ಯಾರು ಕಲಿಸಿದರು ಎಂದು ಕೇಳಿದರೆ, ಅನುಭವ ಎನ್ನುತ್ತಿದ್ದೆ.

ಹೋದ ವಾರ ನಿಮಗೆ ಫೋನ್ ಮಾಡಿದೆನಲ್ಲ, ಹೇಳಲೆಂದೇ ಮಾಡಿದ್ದು. ನೀವು ನನ್ನ ಮಂಡಿನೋವು ವಿಚಾರಿಸಿದಿರಿ, ಎಣ್ಣೆಯ ಹೆಸರು ಹೇಳಿದಿರಿ, ಊಟ ಆಯ್ತಾ ಎಂದಿರಿ. ನಾನು “ಆಯ್ತು” ಎಂದು ಇಟ್ಟುಬಿಟ್ಟೆ. ಆ ಸಂಜೆ ಹೆಂಡತಿಗೆ ಎಲ್ಲ ಹೇಳಿದೆ. ಅವಳು “ಅವರ ಮಗಳು ನಮ್ಮ ಮಗುವನ್ನು ಎತ್ತಿಕೊಂಡು ಆಡಿಸ್ತಿದ್ದಳು” ಎಂದಳು.

ನೀವು ಕ್ಷಮಿಸಬೇಕೆಂದು ಬರೆಯುತ್ತಿಲ್ಲ. ಇದನ್ನು ನಿಮ್ಮ ಮಗಳಿಗೆ ಓದಿಸಿ. ಅಪ್ಪ ತಪ್ಪು ಮಾಡಿರಲಿಲ್ಲ ಎಂದು ಅವಳಿಗೆ ತಿಳಿಯಲಿ. ಯಜಮಾನರಿಗೂ ಎಲ್ಲವನ್ನೂ ಬರೆದು, ಸಹಿ ಹಾಕಿ ಬೆಳಿಗ್ಗೆಯೇ ಕಳಿಸಿದ್ದೇನೆ. ಕಾಲು ಕಳೆದುಕೊಂಡವನ ಹೆಸರನ್ನೂ ಅದರಲ್ಲೇ ಕೇಳಿದ್ದೇನೆ — ಇಷ್ಟು ವರ್ಷಗಳ ಮೇಲೆ. ಯಜಮಾನರಿಗೆ ಬರೆಯಲು ಅರ್ಧ ಗಂಟೆ ಸಾಕಾಯಿತು. ಅವರು ನಿಮ್ಮ ಹಾಗೆ ನನ್ನನ್ನು ನಂಬಿದವರಲ್ಲ.