ಬೇಕರಿ ಮಾವನ ಬಿಸಿ
ಬೀದಿಯವರೆಲ್ಲ ಬೇಕರಿ ಮಾವ ಎಂದು ಕರೆಯುವ ಈ ಮನುಷ್ಯನ ಮುಂದೆ ನೀವು ಏನನ್ನು ಬೇಕಾದರೂ ಪೋಲು ಮಾಡಿ, ಬಿಸಿಯನ್ನು ಮಾತ್ರ ಪೋಲು ಮಾಡಬೇಡಿ. ಬ್ರೆಡ್ಡು ಉಬ್ಬಿತೋ ಇಲ್ಲವೋ ಎಂದು ಕೆಲಸದವರು ಭಟ್ಟಿಯ ಬಾಗಿಲನ್ನು ಗೇಣಗಲ ಸರಿಸಿದರೂ ಸಾಕು, ಕಾಲು ಸುಟ್ಟ ಬೆಕ್ಕಿನಂತೆ ಎಗರಿ ಬರುತ್ತಾರೆ: "ಮುಚ್ರೋ! ಸೌದೆ ಏನು ಪುಕ್ಕಟೆ ಬರುತ್ತಾ?" ದಿನಕ್ಕೆ ಒಂದೇ ಸಲ ಉರಿ, ಆ ಉರಿಯಲ್ಲೇ ಮೊದಲು ಬ್ರೆಡ್ಡು, ಕಾವು ಇಳಿದಾಗ ಬಿಸ್ಕತ್ತು, ಇನ್ನೂ ಇಳಿದಾಗ ರಸ್ಕು, ಕೊನೆಗೆ ಭಟ್ಟಿಯ ನೆತ್ತಿಯ ಮೇಲೆ ಮನೆಮಂದಿಯ ಸ್ನಾನದ ನೀರು. "ಇನ್ನು ನನ್ನೊಬ್ಬಳನ್ನ ಒಳಗಿಟ್ಟು ಒಣಗಿಸೋದು ಬಾಕಿ" ಎಂದು ಹೆಂಡತಿ ಗೊಣಗುತ್ತಾರೆ. ಆದರೂ ಒಂದಿದ್ದ ಅಂಗಡಿ ಎರಡಾಯಿತು, ಇನ್ನೂ ನಾಲ್ಕು ಜನಕ್ಕೆ ಕೆಲಸ ಸಿಕ್ಕಿತು, ಸೌದೆಯ ಗಾಡಿ ಮಾತ್ರ ಮೊದಲಿನಂತೆ ವಾರಕ್ಕೊಂದೇ. "ಬೆಳೀಬೇಕಾದ್ದು ವ್ಯಾಪಾರ, ಭಟ್ಟಿಯ ಹೊಟ್ಟೆ ಅಲ್ಲ" ಎಂಬುದು ಮಾವನ ವೇದವಾಕ್ಯ. ಮೊನ್ನೆ ಕಾವು ಹೊರಹೋಗದಂತೆ ಭಟ್ಟಿಯ ಮೂರು ಗೋಡೆಗಳಿಗೆ ಎರಡನೇ ಸುತ್ತು ಇಟ್ಟಿಗೆ ಕಟ್ಟಿಸಿ ನಡುವೆ ಬೂದಿ ತುಂಬಿಸಿದರು. ಬೀದಿ ಕಡೆಯ ಗೋಡೆ ಬೋಳಾಗಿಯೇ ಉಳಿದದ್ದನ್ನು ಕಂಡು, ಮನೆಗೆ ಬಂದಿದ್ದ ಅಳಿಯನಿಗೆ ತಡೆಯಲಾಗಲಿಲ್ಲ. "ಮಾವ, ಬಿಸಿಯೆಲ್ಲ ಇಲ್ಲಿಂದ ಸೋರಿಹೋಗುತ್ತಲ್ಲ?" ಮಾವ ಮರುದಿನ ನಸುಕಿನಲ್ಲಿ ಅವನನ್ನು ಹೊರಗೆ ಕರೆದೊಯ್ದರು. ಬೀದಿ ಗುಡಿಸುವ ಹೆಂಗಸರು ಪೊರಕೆಗಳನ್ನು ಬದಿಗಿಟ್ಟು, ಆ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕೂತಿದ್ದರು. ಒಬ್ಬಾಕೆ ಬಾಯಿ ತೆರೆದು ಹಾಯಾಗಿ ತೂಕಡಿಸುತ್ತಿದ್ದಳು. ಅವಳಿಗೆ ಎಚ್ಚರವಾದೀತೆಂದು ಮಾವ ದನಿ ತಗ್ಗಿಸಿದರು: "ಯಾರ ಮೈಗೂ ತಾಗದೆ ಹೋದ್ರೆ ತಾನೇ ಅಳಿಯಂದ್ರೇ, ಪೋಲು?"